ನಾಲ್ಕನೆಯ ಅಂಕಿ

ಬಂಡೆ, ಸೋಮವಾರ
೭ ಜೂನ್ ೧೯೯೯

ಪ್ರಿಯ ಅಟ್ರಾಕ್ಟಾ,

ನಾಳೆ ಕ್ರಿಸ್ಟಿಯ ದೋಣಿ ಬರುವ ದಿನ. ಹಾಲು, ಬ್ರೆಡ್ಡು, ಕುಡಿಯುವ ನೀರು ಇಳಿಸಿ ಕಾಗದ ತೆಗೆದುಕೊಂಡು ಹೋಗುತ್ತಾನೆ. ಸಮುದ್ರದ ನಡುವಿನ ಈ ಬಂಡೆಯಲ್ಲಿ ಫೋನಿಲ್ಲ. ದೀಪಸ್ತಂಭದ ಗೋಡೆಯಲ್ಲಿರುವ ರೇಡಿಯೋ ಪೆಟ್ಟಿಗೆ ಪ್ರಾಣಕ್ಕೆ ಬಂದಾಗ ಮಾತ್ರ. ಹಾಗಾಗಿ ಇನ್ನು ಮೂರು ತಿಂಗಳು ನಮ್ಮ ಮಾತು ಮಂಗಳವಾರಕ್ಕೊಮ್ಮೆ. ಇಪ್ಪತ್ತಾರು ವರ್ಷ ದಿನಕ್ಕೆರಡು ಸಲ ಮಾತಾಡಿದವರಿಗೆ ಇದು ಉಪವಾಸವೇ ಸರಿ.

ಗೂಡು ಕಟ್ಟುವ ಕಡಲಹಕ್ಕಿಗಳು, ನಮ್ಮ ರೀವಗಳು, ಬಂದಿವೆ. ಎಷ್ಟು ಅಂತ ಬರೆದರೆ ನೀನು ನಂಬುವುದಿಲ್ಲ. ಕಕ್ಕಸಿಗೆ ಹೋಗಬೇಕಾದರೂ ತಲೆಯ ಮೇಲೆ ಎರಗಿ ಕುಕ್ಕುತ್ತವೆ. ಅವು ಯಾವಾಗಲೂ ಎತ್ತರವಾದುದನ್ನೇ ಕುಕ್ಕುವುದರಿಂದ ಟೋಪಿಗೆ ಪ್ಲಾಸ್ಟಿಕ್ ಹೂವಿನ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತೇನೆ. ನನ್ನ ಜೊತೆ ಕಾವಲಿಗಿರುವ ಬ್ರೀಜ್‌ಗೆ ಇದು ಆರನೆಯ ಬೇಸಿಗೆ. ಒಳ್ಳೆಯವಳು, ಆದರೆ ದಿನಕ್ಕೊಂದು ವಾಕ್ಯ ಆಡಿದರೆ ಹೆಚ್ಚು.

ಒಂದು ಮಾತು ಹೇಳದೆ ಇರಲಾರೆ. ಈ ಬೇಸಿಗೆಯ ಹಕ್ಕಿ ಕಾವಲಿಗೆ ಇಬ್ಬರೂ ಒಟ್ಟಿಗೆ ಅರ್ಜಿ ಹಾಕೋಣ ಅಂದವಳು ನೀನು. ನನ್ನ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಬರೆದು ತುಂಬಿಸಿದೆವು, ಎರಡನ್ನೂ ಅಂಚೆಗೆ ಹಾಕಲು ತೆಗೆದುಕೊಂಡು ಹೋದವಳೂ ನೀನು. ಕಡೆಗೆ ಅವರು ನನ್ನನ್ನು ಕರೆದು ನಿನ್ನನ್ನು ಬಿಟ್ಟರು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತಿದ್ದ ನನಗೆ ಹಕ್ಕಿ ತೋರಿಸಿದ್ದೇ ನೀನು. ಗುರುವನ್ನು ನಿಲ್ಲಿಸಿ ಶಿಷ್ಯೆಗೆ ಮೊದಲು ಬಡಿಸಿದ ಹಾಗಾಯಿತು. ಊಟ ರುಚಿಸುತ್ತಿದೆ, ಆದರೆ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ.

ಸಂಜೆ ತಿಳಿಯಾಗಿದ್ದರೆ ನಿಮ್ಮ ಕಡೆಯ ವಿದ್ಯುತ್ ಸ್ಥಾವರದ ಎರಡು ಕೆಂಪು ಬಿಳಿ ಚಿಮಣಿಗಳು ಇಲ್ಲಿಗೆ ಕಾಣುತ್ತವೆ. ಆ ಕೆಳಗೆ ನೀನಿದ್ದೀಯ ಅಂದುಕೊಳ್ಳುತ್ತೇನೆ. ನನ್ನ ಟೆಲಿಸ್ಕೋಪನ್ನೂ ಮಡಚುವ ಸ್ಟೂಲನ್ನೂ ನಿನ್ನ ಕೈಗೆ ಕೊಟ್ಟು ಬಂದಿದ್ದೇನೆ. ಬೇರೆಯವರಿಗೆ ಕೊಡಬೇಡ.

ನಿನ್ನ ಯೂನಾ

*

ಸ್ಯಾಂಡಿಮೌಂಟ್, ಭಾನುವಾರ
೨೦ ಜೂನ್ ೧೯೯೯

ಬಂಡೆಯ ಮಹಾರಾಣಿಯವರಿಗೆ,

ನಿನ್ನ ಕಾಗದ ಓದಿ ಹೊಟ್ಟೆ ಉರಿಯಿತು. ಮುಚ್ಚಿಡುವುದೇನು? ನಿನ್ನ ಹೂವಿನ ಟೋಪಿಯ ಮೇಲೆ ಹಕ್ಕಿ ಕುಕ್ಕಿದ್ದು ಓದಿ ಆ ಪೆಟ್ಟು ನನ್ನ ತಲೆಗೆ ಬೀಳಬೇಕಿತ್ತು ಅನ್ನಿಸಿತು. ದೂರದ ಬೆಟ್ಟ ನುಣ್ಣಗೆ ಅಂತ ಸಮಾಧಾನ ಹೇಳಿಕೊಂಡೆ. ಆಗಲಿಲ್ಲ. ಮಂಗಳವಾರ ಸಂಜೆ ಚಿಮಣಿಗಳ ಹತ್ತಿರ ಹೋಗಿ ನಿನ್ನ ದಿಕ್ಕಿಗೆ ನೋಡಿದೆ. ಮಂಜಿತ್ತು, ಏನೂ ಕಾಣಲಿಲ್ಲ.

ಇಲ್ಲಿಯ ಸುದ್ದಿಗೇನೂ ಬರವಿಲ್ಲ. ಬೂಟರ್ಸ್‌ಟೌನ್ ಜೌಗಿಗೆ ಈ ಕಡೆ ಅಪರೂಪವಾದ ಬೆಳ್ಳಕ್ಕಿ ಬಂದಿದೆ. ರೈಲು ನಿಲ್ದಾಣದ ಬೇಲಿಯಿಂದ ಹತ್ತೇ ಹೆಜ್ಜೆ. ಕೆಲಸಕ್ಕೆ ಹೊರಟವರು ಅದನ್ನು ನೋಡುತ್ತ ಎಂಟೂಕಾಲಿನ ರೈಲು ತಪ್ಪಿಸಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಅಂತ ನೀನು ಈ ಜೌಗನ್ನು ಯಾವಾಗಲೂ ಚರಂಡಿ ಅನ್ನುತ್ತಿದ್ದೆ, ಈಗ ನೋಡು.

ನಮ್ಮ ಹಕ್ಕಿ ನೋಡುವ ಬಳಗಕ್ಕೆ ಹೊಸಬಳೊಬ್ಬಳು ಸೇರಿದ್ದಾಳೆ. ಹೆಸರು ನೀಸಾ. ಹಲ್ಲಿನ ಡಾಕ್ಟರರೊಬ್ಬರ ಬಳಿ ನರ್ಸು, ಮೂವತ್ತಮೂರು ವಯಸ್ಸು, ಗಿಡುಗನ ಕಣ್ಣು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸುವಷ್ಟರಲ್ಲಿ ಮೂರು ಹಕ್ಕಿಗಳ ಕಾಲಿಗೆ ಹಾಕಿದ ಗುರುತಿನ ಉಂಗುರದ ಸಂಖ್ಯೆ ಓದಿ ಮುಗಿಸಿದಳು. ನಿನ್ನ ಸ್ಟೂಲು ಖಾಲಿ ಇತ್ತು, ಕೂತಳು. ಏಳಮ್ಮ ಅನ್ನಲಿಕ್ಕಾಗುತ್ತದೆಯೇ? ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಟೆಲಿಸ್ಕೋಪಿಗೂ ಕಣ್ಣಿಟ್ಟಳು. ಬಳಸದೆ ಬಿಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ ಅಂತ ಕೊಟ್ಟೆ. ಮೊಟ್ಟೆಯ ಸ್ಯಾಂಡ್‌ವಿಚ್ಚು ನಿನಗಿಂತ ಚೆನ್ನಾಗಿ ಮಾಡುತ್ತಾಳೆ, ಹೇಳಬೇಕಾದ್ದೇ.

ಜುಲೈ ಮೂವತ್ತೊಂದಕ್ಕೆ ವರ್ಷದ ತಿರುಗಾಟ. ಬೆಳಿಗ್ಗೆ ಜೌಗು, ಆಮೇಲೆ ಕಡಲದಂಡೆ. ಇಪ್ಪತ್ತಾರನೆಯ ಸಲ, ನೀನಿಲ್ಲದೆ ಮೊದಲನೆಯದು. ನಾನೇ ಮುಂದಾಳು, ಹೆದರಬೇಡ.

ಅಟ್ರಾಕ್ಟಾ

*

ಬಂಡೆ, ಸೋಮವಾರ
೨೮ ಜೂನ್ ೧೯೯೯

ಪ್ರಿಯ ಅಟ್ರಾಕ್ಟಾ,

ಕಳೆದ ಮಂಗಳವಾರ ನಿನ್ನ ಕಾಗದವನ್ನು ಬಂಡೆಯಂಚಿನಲ್ಲೇ ನಿಂತು ಓದಿದೆ. ಸ್ಟೂಲಿನ ಸಾಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ, ಮಡಚಿ ಇಟ್ಟೆ. ಅದು ಮೂರು ಪೌಂಡಿನ ಸ್ಟೂಲು, ಗೊತ್ತು. ಬಟ್ಟೆ ಹರಿದಾಗ ನಾನೇ ಹೊಲಿದದ್ದು, ನಿನ್ನ ಎಡಗಡೆ ನಿಲ್ಲುವಂಥದ್ದು. ಅಲ್ಲಿ ಈಗ ಇನ್ನೊಬ್ಬಳು ಕೂತಿದ್ದಾಳೆ. ಮೊಟ್ಟೆಯಲ್ಲಿ ಏನು ಹಾಕುತ್ತಾಳೆ? ಸಾಸಿವೆಯೇ?

ಇರಲಿ. ನಿನಗೊಂದು ಉಡುಗೊರೆ ಇದೆ. ಇಪ್ಪತ್ತೆರಡನೆಯ ತಾರೀಕು ನನ್ನ ಕೈಯಾರೆ ಮೊದಲ ಮರಿಗೆ ಉಂಗುರ ಹಾಕಿದೆ. ಗುಲಾಬಿ ರೀವದ ಮರಿ, ನಾಲ್ಕು ದಿನದ್ದು, ಅಂಗೈಯಲ್ಲಿ ಉಸಿರಾಡುವ ಹತ್ತಿ. ಎಡಗಾಲಿಗೆ ಉಂಗುರ, ಸಂಖ್ಯೆ ೪೦೭೧. ಮರಿ ಹಿಡಿಯುವುದು ನಾನು, ಪುಸ್ತಕದಲ್ಲಿ ಬರೆಯುವುದು ಬ್ರೀಜ್. ಇಪ್ಪತ್ನಾಲ್ಕರ ಹೊತ್ತಿಗೆ ೪೦೮೯ರವರೆಗೆ ಬಂದೆವು. ಆದರೆ ಮೊದಲನೆಯದು ಮೊದಲನೆಯದೇ. ಜುಲೈ ಕೊನೆಗೆ ಎಲ್ಲವೂ ಹಾರಿ ನಿನ್ನ ದಂಡೆಗೆ ಬರುತ್ತವೆ. ಆ ೪೦೭೧ ನೀನೇ ಓದಬೇಕು. ನೀನು, ಅಟ್ರಾಕ್ಟಾ. ಆ ಹಲ್ಲಿನ ನರ್ಸಲ್ಲ. ನಾನು ಇಲ್ಲಿಂದ ಕಳಿಸಿದ್ದು ನಿನ್ನ ಕಣ್ಣಿಗೆ ತಲುಪಿದರೆ ನಾನೇ ಅಲ್ಲಿ ಬಂದು ಕೂತಂತೆ.

ಇನ್ನೊಂದು ವಿಷಯ. ನಿನ್ನನ್ನು ಬಿಟ್ಟದ್ದು ಅನ್ಯಾಯ ಅಂತ ಬ್ರೀಜ್‌ಗೆ ಹೇಳಿದೆ. ಅರ್ಜಿಗಳನ್ನೆಲ್ಲ ನೋಡುವವರಲ್ಲಿ ಅವಳೂ ಒಬ್ಬಳಂತೆ. "ಅಟ್ರಾಕ್ಟಾ ಅನ್ನೋರದ್ದು ಅರ್ಜಿನೇ ಬಂದಿಲ್ವಲ್ಲ" ಅಂದಳು. ಅದು ಹೇಗೆ?

ಅಂದಹಾಗೆ, ನೀನು ಚಿಮಣಿಯ ಹತ್ತಿರ ನಿಂತ ಮಂಗಳವಾರ ಇಲ್ಲಿ ಮಂಜೇ ಇರಲಿಲ್ಲ. ನಾನು ಚಿಮಣಿಯ ಪಟ್ಟೆಗಳನ್ನು ಎಣಿಸುತ್ತಿದ್ದೆ.

ಯೂನಾ

*

ಸ್ಯಾಂಡಿಮೌಂಟ್, ಭಾನುವಾರ
೪ ಜುಲೈ ೧೯೯೯

ಪ್ರಿಯ ಯೂನಾ,

ಅರ್ಜಿ ಬರಲಿಲ್ಲವೆಂದರೆ ಅಂಚೆಯವರನ್ನು ಕೇಳಬೇಕು. ಮೂವತ್ತು ವರ್ಷ ಅಂಚೆಯಲ್ಲಿದ್ದವಳು ನೀನು, ನಾನು ಭೂಗೋಳ ಪಾಠ ಮಾಡಿಕೊಂಡಿದ್ದವಳು. ಕಾಗದಗಳು ಎಲ್ಲಿ ಕಳೆದುಹೋಗುತ್ತವೆ ಅಂತ ನಿನಗೇ ಚೆನ್ನಾಗಿ ಗೊತ್ತು. ಮಂಜಿನ ವಿಷಯಕ್ಕೆ, ಸಮುದ್ರದ ಆ ಕಡೆ ಇಲ್ಲದ್ದು ಈ ಕಡೆ ಇರಬಾರದೇ? ಪೊಲೀಸರ ಹಾಗೆ ಕೇಳಬೇಡ.

ನೀಸಾ ಈ ವಾರ ಹನ್ನೊಂದು ಉಂಗುರ ಓದಿದಳು. ಒಂದು ಹಾಲೆಂಡಿನದು. ಬಳಗದವರು ಅವಳ ಸುತ್ತ ಜೇನಿನ ಹುಳುಗಳ ಹಾಗೆ. "ಅಟ್ರಾಕ್ಟಾ, ನಿಮ್ಗೊಂದು ಒಳ್ಳೆ ಉತ್ತರಾಧಿಕಾರಿ ಸಿಕ್ಕಿದ್ಲು ಬಿಡಿ" ಅಂದ ಮುದುಕ ಫಿಂಟನ್. ನಾನಿನ್ನೂ ಸತ್ತಿಲ್ಲ ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಅವಳು ಕಲಿಯದ್ದು ಯಾವುದೂ ಇಲ್ಲ. ನಾನು ಇಪ್ಪತ್ತು ವರ್ಷದ ಹಿಂದೆ ಬಳಗದ ಪುಸ್ತಕದ ಮೊದಲ ಪುಟದಲ್ಲಿ ಬರೆದ ನಿಯಮವನ್ನು ನನಗೇ ಬಾಯಿಪಾಠ ಒಪ್ಪಿಸಿದಳು: ನಾಲ್ಕು ಅಂಕಿ, ಎರಡು ಸಲ, ಇಬ್ಬರ ಕಣ್ಣು. ಒಂದು ಅಂಕಿ ಕಾಣದಿದ್ದರೂ ಬರೆಯಬಾರದು. ನನ್ನ ವಿಷಯದಲ್ಲಿ ಎರಡನೆಯ ಕಣ್ಣನ್ನು ಯಾರೂ ಕೇಳುವುದಿಲ್ಲ ಅನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲ.

ನಿನ್ನ ೪೦೭೧ ಬರಲಿ. ಓದುತ್ತೇನೆ. ಸಾಸಿವೆಯಲ್ಲ, ಈರುಳ್ಳಿ ಸೊಪ್ಪು.

ಅಟ್ರಾಕ್ಟಾ

*

ಬಂಡೆ, ಸೋಮವಾರ
೧೯ ಜುಲೈ ೧೯೯೯

ಅಟ್ರಾಕ್ಟಾ,

ಕಳೆದ ವಾರ ಬರೆಯಲಿಲ್ಲ. ಕೆಲಸವಿತ್ತು.

ನಮ್ಮ ಅಂಚೆಯಲ್ಲಿ ಕಾಗದ ಕಳೆಯುವುದಿಲ್ಲ. ಒಂದೇ ಕೈಯಿಂದ ಒಂದೇ ಡಬ್ಬಿಗೆ ಬಿದ್ದ ಎರಡು ಲಕೋಟೆಗಳಲ್ಲಿ ಒಂದು ಮಾತ್ರ ಕಳೆಯುವುದಂತೂ ನಾನು ಕಂಡಿಲ್ಲ. ನೀನು ಹಾಕಲೇ ಇಲ್ಲ ಅಂತ ಕಾಣುತ್ತದೆ. ನನ್ನ ಜೊತೆ ಮೂರು ತಿಂಗಳು ಒಂದೇ ಕೋಣೆಯಲ್ಲಿರುವುದು ಬೇಡವಾಗಿದ್ದರೆ ಹೇಳಬಹುದಿತ್ತು. ನೀಸಾ ಬಳಗಕ್ಕೆ ಸೇರಿದ್ದು ಜೂನಿನಲ್ಲೇ, ಅಥವಾ ಅವಳು ನಿನಗೆ ಅದಕ್ಕೂ ಮುಂಚೆ ಗೊತ್ತಿದ್ದಳೇ? ಕೇಳುತ್ತಿಲ್ಲ, ಸುಮ್ಮನೆ ಬರೆದೆ. ಇಲ್ಲಿ ರಾತ್ರಿಯಿಡೀ ಹಕ್ಕಿಗಳು ಕಿರುಚುತ್ತವೆ, ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ.

ಮರಿಗಳು ಹಾರಲು ಶುರುಮಾಡಿವೆ. ೪೦೭೧ ಹುಡುಕುತ್ತ ಕಣ್ಣು ನೋಯಿಸಿಕೊಳ್ಳಬೇಡ. ಸಾವಿರಾರು ಹಕ್ಕಿಗಳ ನಡುವೆ ಒಂದನ್ನು ಹುಡುಕು ಅಂದದ್ದು ನನ್ನ ಹುಚ್ಚು. ಬಿಟ್ಟುಬಿಡು.

ಟೆಲಿಸ್ಕೋಪು ಅವಳಿಗೆ ಒಗ್ಗಿದ್ದರೆ ಅವಳ ಹತ್ತಿರವೇ ಇರಲಿ.

ಯೂನಾ

*

ಸ್ಯಾಂಡಿಮೌಂಟ್, ಭಾನುವಾರ
೧ ಆಗಸ್ಟ್ ೧೯೯೯

ಪ್ರಿಯ ಯೂನಾ,

ನಿನ್ನ ಕಾಗದಕ್ಕೆ ಸಿಟ್ಟು ಬಂದಿತ್ತು. 'ಕಣ್ಣು ನೋಯಿಸಿಕೊಳ್ಳಬೇಡ' ಅಂದೆಯಲ್ಲ, ಇವಳ ಕೈಲಾಗುವುದಿಲ್ಲ ಅಂತ ತಾನೆ ಅದರ ಅರ್ಥ? ಈಗ ಸಿಟ್ಟಿಲ್ಲ. ಓದು, ನಿಧಾನವಾಗಿ ಓದು.

ನಿನ್ನೆ ತಿರುಗಾಟ ಭರ್ಜರಿಯಾಯಿತು. ಬೆಳಿಗ್ಗೆ ಎಂಟಕ್ಕೆ ನಿಲ್ದಾಣದಲ್ಲಿ ಮೂವತ್ತೊಂದು ಜನ. ಮಕ್ಕಳಿದ್ದರು, ಒಬ್ಬಾಕೆ ನಾಯಿಯನ್ನೂ ತಂದಿದ್ದಳು, ವಾಪಸು ಕಳಿಸಿದೆ. ಜೌಗಿನಲ್ಲಿ ಬೆಳ್ಳಕ್ಕಿ ಹೇಳಿ ಕರೆಸಿದಂತೆ ನಿಂತಿತ್ತು. ಕೆಂಗಾಲಿನ ಗೊರವ ಹಕ್ಕಿಗಳು ಅರವತ್ತು. ಬೂದು ಕೊಕ್ಕರೆಯೊಂದು ಹಾವುಮೀನು ಹಿಡಿದು ನುಂಗಲೂ ಆಗದೆ ಬಿಡಲೂ ಆಗದೆ ಹತ್ತು ನಿಮಿಷ ಒದ್ದಾಡಿತು. ಮಕ್ಕಳಿಗೆ ಅದೇ ಹಬ್ಬ. ಎಲ್ಲವನ್ನೂ ಮೊದಲು ಕಂಡು ಕೈ ತೋರಿಸುವವಳು ನೀಸಾ. ನಾನು ಅವಳ ಕೈ ಹೋದ ಕಡೆಗೆ ನೋಡಿ ಹೆಸರು ಹೇಳುವವಳು. ಹೀಗೆ ಅರ್ಧ ದಿನ ಕಳೆಯಿತು.

ಗೋಡೆಯ ಮೇಲೆ ಕೂತು ಊಟ ಮಾಡಿದೆವು. ಬಿಸಿಲಿಗೆ ಅರ್ಧ ಊರೇ ದಂಡೆಗೆ ಬಂದಿತ್ತು. ಐಸ್‌ಕ್ರೀಮಿನ ಬಂಡಿ, ಚೆಂಡು, ಕೂಗು. ನೀರು ಏರುತ್ತ ಏರುತ್ತ ರೀವಗಳನ್ನು ಮರಳಿನ ಒಂದೇ ದಿಬ್ಬಕ್ಕೆ ತಳ್ಳಿತು. ಬಳಗದವರೆಲ್ಲ ಸಾಲಾಗಿ ಟೆಲಿಸ್ಕೋಪು ಹೂಡಿದರು. ನೀಸಾ ನಿನ್ನ ಸ್ಟೂಲಿನ ಮೇಲೆ ಕೂತು ಲಾಟರಿ ಕೂಗುವವಳ ಹಾಗೆ ಸಂಖ್ಯೆಗಳನ್ನು ಹೇಳುತ್ತಾ ಹೋದಳು, ಫಿಂಟನ್ ನೋಡಿ ಹೌದು ಹೌದು ಅನ್ನುತ್ತಾ ಬರೆದುಕೊಂಡ. ಒಂಬತ್ತಾಯಿತು, ಹತ್ತಾಯಿತು. "ಅಟ್ರಾಕ್ಟಾ, ಇವತ್ತು ಬರೀ ಮೇಲ್ವಿಚಾರಣೇನಾ?" ಅಂದ.

ಆಗ ನಾನು ಇಲ್ಲಿ ಕೊಡು ಅಂತ ನೀಸಾಳ ಕೈಯಿಂದ ನಿನ್ನ ಟೆಲಿಸ್ಕೋಪು ತೆಗೆದುಕೊಂಡೆ. ದಿಬ್ಬದ ಅಂಚಿನಲ್ಲಿ ಗುಲಾಬಿ ರೀವದ ಮರಿಯೊಂದು ನಿಂತಿತ್ತು, ಎಡಗಾಲಲ್ಲಿ ಉಂಗುರ ಹೊಳೆಯುತ್ತಿತ್ತು. ೪೦೭೧! ನಿನ್ನ ಮರಿ, ಯೂನಾ. ಗಟ್ಟಿಯಾಗಿ ಓದಿದೆ. ನೀಸಾ ಬಗ್ಗುವಷ್ಟರಲ್ಲಿ ನಾಯಿಯೊಂದು ಓಡಿಬಂತು, ಹಿಂಡೆಲ್ಲ ಎದ್ದುಹೋಯಿತು. "ಎರಡು ಸಲ ಓದಿದ್ರಾ?" ಅಂತ ಕೇಳಿದಳು, ಮೆತ್ತಗೆ. "ನಿಯಮ ಬರೆದೋಳೇ ನಾನು ಕಣಮ್ಮ" ಅಂದೆ. ಇದು ಬಂಡೆಯ ಮೇಲೆ ಯೂನಾ ಕೈಯಾರೆ ಉಂಗುರ ಹಾಕಿದ ಮೊದಲ ಮರಿ ಅಂತ ಎಲ್ಲರಿಗೂ ಹೇಳಿದೆ. ಚಪ್ಪಾಳೆ ತಟ್ಟಿದರು. ಫಿಂಟನ್ ಕಣ್ಣೊರೆಸಿಕೊಂಡ. ಪುಸ್ತಕದಲ್ಲಿ ಬರೆದಾಗಿದೆ, ಎರಡನೆಯ ಹೆಸರಿನ ಜಾಗ ಖಾಲಿ, ಎಂದಿನಂತೆ ಯಾರೂ ಕೇಳಲಿಲ್ಲ.

ಈಗ ಹೇಳು, ಯಾರ ಕಣ್ಣು ದೊಡ್ಡದು?

ನಿನ್ನ ಅಟ್ರಾಕ್ಟಾ

*

ಬಂಡೆ, ಮಂಗಳವಾರ
೩ ಆಗಸ್ಟ್ ೧೯೯೯

ಅಟ್ರಾಕ್ಟಾ,

ಕ್ರಿಸ್ಟಿ ದೋಣಿಯಲ್ಲಿ ಕಾಯುತ್ತಿದ್ದಾನೆ. ನಿನ್ನ ಕಾಗದ ಈಗಷ್ಟೇ ಓದಿದೆ.

೪೦೭೧ ಇದೇ ಲಕೋಟೆಯಲ್ಲಿದೆ. ಜುಲೈ ಆರರಿಂದ ನನ್ನ ಜೇಬಿನಲ್ಲಿತ್ತು.

ಯೂನಾ

*

ಬಂಡೆ, ಸೋಮವಾರ
೧೬ ಆಗಸ್ಟ್ ೧೯೯೯

ಪ್ರಿಯ ಅಟ್ರಾಕ್ಟಾ,

ಕಳೆದ ಮಂಗಳವಾರದ ದೋಣಿಯಲ್ಲಿ ನಿನ್ನ ಕಾಗದವಿರಲಿಲ್ಲ. ಚೀಲವನ್ನು ನಾನೇ ಎರಡು ಸಲ ಕೊಡವಿದೆ. ನಾಳೆಯೂ ಇರಲಿಕ್ಕಿಲ್ಲ.

ಆ ದಿನ ಎರಡೇ ಸಾಲು ಬರೆದೆ. ಯಾಕೆಂದರೆ ಎರಡು ಸಾಲಿಗೆ ಎಷ್ಟು ನೋವು ಕೊಡಬಹುದೋ ಅಷ್ಟು ಕೊಡಬೇಕೆನ್ನಿಸಿತ್ತು. ಪೂರ್ತಿ ಬರೆದಿದ್ದರೆ ನನ್ನ ತಪ್ಪೂ ಬರೆಯಬೇಕಾಗುತ್ತಿತ್ತು. ಈಗ ಬರೆಯುತ್ತೇನೆ.

ಜುಲೈ ಆರರಂದು ಕ್ರಿಸ್ಟಿ ದೋಣಿಯ ಹಾರ್ನ್ ಹೊಡೆದ. ಅರ್ಜಿಯ ಬಗ್ಗೆ ನೀನು ಏನು ಬರೆದಿರುತ್ತೀಯೋ ಅನ್ನುವ ಆತುರಕ್ಕೆ ನಾನು ಹಲಗೆ ಹಾಸಿದ ದಾರಿ ಬಿಟ್ಟು ಅಡ್ಡಹಾದು ಓಡಿದೆ. ಮೊದಲ ದಿನವೇ ಬ್ರೀಜ್ ಹೇಳಿದ್ದಳು, ಹಲಗೆ ಬಿಟ್ಟು ಕಾಲಿಡಬೇಡ ಅಂತ. ಮರಿಗಳು ಹೆದರಿದಾಗ ಎಲೆಗಳ ಕೆಳಗೆ ಅಲುಗದೆ ಕೂರುತ್ತವೆ. ಕಾಲ ಕೆಳಗೆ ಏನೋ ಮೆತ್ತಗೆ ಸಿಕ್ಕಿತು. ಎಲೆ ಸರಿಸಿದೆ. ಉಳಿದದ್ದು ನಿನಗೆ ಬೇಡ. ಬ್ರೀಜ್ ಬಂದು ನೋಡಿ ಪುಸ್ತಕದಲ್ಲಿ ೪೦೭೧ರ ಮುಂದೆ 'ಸತ್ತಿದೆ' ಅಂತ ಬರೆದಳು. ಉಂಗುರವನ್ನು ಇಟ್ಟುಕೋ ಅಂದಳು. ನಿನಗೆ ಹೇಳಲು ನಾಚಿಕೆಯಾಯಿತು. ಬಂಡೆಗೆ ನೀನು ಬರಬೇಕಿತ್ತು, ಬಂದವಳು ನಾನು, ಬಂದು ಮಾಡಿದ್ದು ಇದು.

ಆಮೇಲೆ ನಿನ್ನ ಕಾಗದ ಬಂತು, ಬಿಸಿಲು, ಚಪ್ಪಾಳೆ, ೪೦೭೧. ನನ್ನ ಕೈ ಜೇಬಿನಲ್ಲಿ ಉಂಗುರದ ಮೇಲೆಯೇ ಇತ್ತು. ನೀನು ಸುಳ್ಳು ಬರೆದೆ ಅನ್ನುವುದಕ್ಕಿಂತ ಆ ಸುಳ್ಳಿನಲ್ಲಿ ನನ್ನ ಮರಿ ಹಾರುತ್ತಿತ್ತಲ್ಲ, ಅದನ್ನು ತಡೆಯಲಾಗಲಿಲ್ಲ. ಅದರ ಜೊತೆಗೆ, ನನ್ನ ಸ್ಟೂಲಿನ ಮೇಲೆ ಕೂತವಳ ಮುಂದೆ ಗೆಲ್ಲಲಿಕ್ಕೆ ನೀನು ನನ್ನ ಮರಿಯನ್ನು ಬಳಸಿಕೊಂಡೆ ಅನ್ನಿಸಿತು. ಹೊಟ್ಟೆಕಿಚ್ಚಿಗೆ ಲೆಕ್ಕವಿಲ್ಲ ಕಣೇ. ಅರವತ್ತೊಂದು ವಯಸ್ಸಿನವಳು ನಾನು, ಬಂಡೆಯ ಮೇಲೆ ಕೂತು ಒಬ್ಬಳ ಸ್ಯಾಂಡ್‌ವಿಚ್ಚಿನ ಮೇಲೆ ಹಲ್ಲು ಕಡಿದಿದ್ದೇನೆ.

ಬ್ರೀಜ್‌ಗೆ ಏನೂ ಹೇಳಿಲ್ಲ. ನಿಮ್ಮ ಪುಸ್ತಕ ಬಂಡೆ ನೋಡಿಕೊಳ್ಳುವವರ ಕಚೇರಿಗೆ ಬರುವುದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಒಂದು ಅಂಕಿ ತಿದ್ದಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ೪೦೭೧ ಅನ್ನು ೪೦೭೭ ಮಾಡಲು, ಅಂದರೆ ಕೊನೆಯ 1 ಅನ್ನು 7 ಮಾಡಲು, ಒಂದು ಗೆರೆ ಸಾಕು. ನಿನ್ನಿಷ್ಟ. ಕಾಗದ ಮಾತ್ರ ಬರೆ.

ಯೂನಾ

*

ಸ್ಯಾಂಡಿಮೌಂಟ್, ಭಾನುವಾರ
೨೨ ಆಗಸ್ಟ್ ೧೯೯೯

ಯೂನಾ,

ಈ ಅಕ್ಷರ ದೊಡ್ಡದಾಗಿದ್ದರೆ ಕ್ಷಮಿಸು. ಇದಕ್ಕಿಂತ ಸಣ್ಣದು ಬರೆದರೆ ನನಗೇ ಕಾಣುವುದಿಲ್ಲ. ಇಲ್ಲಿಯವರೆಗೆ ನಿನಗೆ ಬರೆದದ್ದೆಲ್ಲ ಭೂತಗನ್ನಡಿ ಹಿಡಿದು ಬರೆದದ್ದು.

ಏಪ್ರಿಲ್‌ನಲ್ಲಿ ಕಣ್ಣಿನ ಡಾಕ್ಟರು ನೋಡಿ ಹೇಳಿದರು, ಎರಡು ಕಣ್ಣಿಗೂ ಪೊರೆ, ಬಲಗಣ್ಣಿನ ಹಿಂದೆ ಇನ್ನೂ ಏನೋ ಇದೆ, ಪೊರೆ ತೆಗೆದರೂ ಅದು ಹೋಗುವುದಿಲ್ಲ ಅಂತ. ನಿನ್ನ ಅಡುಗೆಮನೆಯಿಂದ ಎರಡು ಲಕೋಟೆ ಹಿಡಿದುಕೊಂಡು ಹೊರಟೆನಲ್ಲ, ಅದು ಮರುದಿನವೇ. ಡಬ್ಬಿಯ ಮುಂದೆ ನಿಂತು ನಿನ್ನದನ್ನು ಹಾಕಿದೆ. ನನ್ನದು ಈಗಲೂ ಮೇಜಿನ ಡ್ರಾಯರಿನಲ್ಲಿದೆ, ಅಂಚೆಚೀಟಿ ಸಮೇತ. ಹಲಗೆಯ ಮೇಲೆ ನಡೆಯಲಾರದವಳು ನಾನು. ನಾನಲ್ಲಿಗೆ ಬಂದಿದ್ದರೆ ಎಷ್ಟು ಮರಿ ತುಳಿಯುತ್ತಿದ್ದೆನೋ. ನಿನ್ನ ಜೊತೆ ಇರುವುದು ಬೇಡವಾಗಿತ್ತು ಅಂತ ಬರೆದೆಯಲ್ಲ, ಅದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ಆದರೂ ನಿಜ ಬರೆಯಲಿಲ್ಲ. ಬರೆದರೆ ನೀನು ಬಂಡೆ ಬಿಟ್ಟು ಓಡಿಬರುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ನೀನು ಪಾಪ ಅನ್ನುತ್ತಿದ್ದೆ.

ಆ ಶನಿವಾರ ನಾನು ಕಂಡದ್ದು ಬಿಳಿಯ ಒಂದು ಕಲೆ, ಅದರ ಕೆಳಗೆ ಹೊಳೆಯುವ ಒಂದು ಚುಕ್ಕೆ. ಅಂಕಿಗಳು ನಿನ್ನ ಕಾಗದದಿಂದ ಬಂದವು. ಅಷ್ಟು ಸಲ ಓದಿದ್ದೆ ಅದನ್ನು. ಬಾಯಿ ತೆರೆದೆ, ಬಂದುಬಿಟ್ಟಿತು. ನೀಸಾಳ ಮುಂದೆ ಗೆಲ್ಲಬೇಕೆಂಬ ಹೊಟ್ಟೆಕಿಚ್ಚು ಇದ್ದದ್ದು ನಿಜ. ಅವಳ ಕಣ್ಣುಗಳನ್ನು ಕಿತ್ತುಕೊಳ್ಳುವಷ್ಟು ಇತ್ತು. ಆದರೆ ಅದೊಂದೇ ಅಲ್ಲ. ಮಿಕ್ಕ ಹಕ್ಕಿಯನ್ನೆಲ್ಲ ಅವಳೇ ಓದಲಿ, ಯೂನಾ ನನಗೆಂದು ಕಳಿಸಿದ ಒಂದನ್ನಾದರೂ ಅವಳು ಮೊದಲು ಓದಬಾರದು ಅನ್ನಿಸಿತ್ತು.

ನಿನ್ನ ಲಕೋಟೆಯಿಂದ ಉಂಗುರ ಅಂಗೈಗೆ ಬಿತ್ತು. ಕಿಟಕಿಯ ಹತ್ತಿರ ಒಯ್ದು, ಭೂತಗನ್ನಡಿ ಹಿಡಿದು, ನಾಲ್ಕು ಅಂಕಿ, ಎರಡು ಸಲ ಓದಿದೆ. ಈ ಬೇಸಿಗೆಯಲ್ಲಿ ನಾನು ನಿಯಮದಂತೆ ಓದಿದ ಮೊದಲ ಉಂಗುರ ಅದು.

ಒಂದು ಗೆರೆ ಎಳೆದರೆ ಸಾಕು ಅಂದೆ. ಎಳೆಯಲಿಲ್ಲ. ಗುರುವಾರ ಚರ್ಚಿನ ಸಭಾಂಗಣದಲ್ಲಿ ಬಳಗ ಸೇರಿತ್ತು. ಎದ್ದು ನಿಂತು, "ನಾನು ಅದನ್ನ ಓದ್ಲಿಲ್ಲ, ಸುಮ್ನೆ ಹೇಳಿಬಿಟ್ಟೆ, ನನಗೆ ಕಣ್ಣು ಕಾಣಲ್ಲ" ಅಂದೆ. ಯಾರೋ ಕುರ್ಚಿ ಸರಿಸಿದರು. ಆಮೇಲೆ ಫಿಂಟನ್ ಕೇಳಿದ, ಕೆಟ್ಟದಾಗಿ ಅಲ್ಲ, ಪಾಪ ಅವನಿಗೂ ಕೇಳಲು ಕಷ್ಟವಾಗುತ್ತಿತ್ತು: "ಹಾಗಾದ್ರೆ ಮುಂಚಿನವು, ಅಟ್ರಾಕ್ಟಾ?" ಮುಂಚಿನವು ನಿಜ. ಆದರೆ ನಿಜ ಅಂತ ನಾನು ಹೇಳಿದರೆ ಈಗ ಏನು ಬೆಲೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಎರಡನೆಯ ಹೆಸರಿಲ್ಲದ ನನ್ನ ಮೂರು ವರ್ಷದ ದಾಖಲೆಗಳನ್ನೆಲ್ಲ ಪಕ್ಕಕ್ಕಿಡಿ ಅಂತ ನಾನೇ ಹೇಳಿದೆ. ನೂರ ಹನ್ನೆರಡು. ಪುಸ್ತಕವನ್ನು ನೀಸಾಳ ಕೈಗೆ ಕೊಟ್ಟು ಮನೆಗೆ ಬಂದೆ.

ನಿನ್ನೆ ಬೆಳಿಗ್ಗೆ ಅವಳು ಬಾಗಿಲು ತಟ್ಟಿದಳು, ದಂಡೆಗೆ ಬನ್ನಿ ಅಂತ. ಬರುವುದಿಲ್ಲ ಅಂದೆ. ಫ್ಲಾಸ್ಕ್ ತುಂಬಿಕೊಂಡು ಬಂದಿದ್ದೀನಿ, ನೀವಿಲ್ಲದೆ ಯಾರ ಜೊತೆ ಕುಡಿಯಲಿ ಅಂತ ಮೆಟ್ಟಿಲ ಮೇಲೆಯೇ ಕೂತಳು. ಹೋದೆವು. ನೀರು ಗೋಡೆಯ ಬುಡಕ್ಕೆ ಬಂದಿತ್ತು. ಗೋಡೆಯ ತುದಿಯ ಕಲ್ಲಿನ ಮೇಲೆ ಒಂದು ರೀವ ಬಂದು ಕೂತಿತು, ನನ್ನಿಂದ ಆರೇಳು ಹೆಜ್ಜೆ, ಅಷ್ಟೇ. ಸೂರ್ಯ ನನ್ನ ಬೆನ್ನ ಹಿಂದೆ. ಟೆಲಿಸ್ಕೋಪು ಅವಳ ಹೆಗಲ ಮೇಲಿತ್ತು. ಓದಲು ಒಂದು ಕ್ಷಣ ಸಾಕಿತ್ತು ಅವಳಿಗೆ. ಇಳಿಸಿ ನನ್ನ ಮುಂದೆ ನಿಲ್ಲಿಸಿದಳು. "ನೀವೇ ಓದಿ. ನಾನು ನೋಡಲ್ಲ" ಅಂದು ಸಮುದ್ರದ ಕಡೆಗೆ ಬೆನ್ನು ಮಾಡಿ ಊರಿನ ಕಡೆ ತಿರುಗಿ ನಿಂತಳು.

ಎಡಗಣ್ಣಿನಿಂದ ನೋಡಿದೆ. ನಾಲ್ಕು. ಸೊನ್ನೆ. ಎಂಟು. ಮತ್ತೆ ನೋಡಿದೆ, ನಾಲ್ಕು, ಸೊನ್ನೆ, ಎಂಟು. ಕೊನೆಯ ಅಂಕಿ ಕಾಲಿನ ಹಿಂಬದಿಗೆ ಹೋಗಿತ್ತು. ಹಕ್ಕಿ ತಿರುಗಲಿ ಅಂತ ಉಸಿರು ಹಿಡಿದು ಕಾದೆ. ತಿರುಗಲಿಲ್ಲ, ಹಾರಿಹೋಯಿತು. ನೀಸಾ ಪೆನ್ಸಿಲು ಹಿಡಿದು ಏನಿತ್ತು ಅಂತ ಕೇಳಿದಳು. ಮೂರೇ ಕಂಡವು ಅಂದೆ. ಬೇಕಾದರೆ ಬರೆಯುತ್ತೇನೆ ಅಂದಳು, ಪಾಪ. ಬೇಡ ಅಂದೆ. ಒಂದು ಅಂಕಿ ಕಡಿಮೆಯಾದರೆ ಅದು ದಾಖಲೆಯಲ್ಲ, ಹಕ್ಕಿ ನೋಡಿದೆವು ಅಷ್ಟೇ.

ಆದರೆ ನಿನಗೆ ಹೇಳುತ್ತಿದ್ದೇನೆ. ನಂಬಬೇಕೆಂದು ಕೇಳುವ ಬಾಯಿ ನನಗಿಲ್ಲ. ನಾಲ್ಕು, ಸೊನ್ನೆ, ಎಂಟು. ಎಡಗಾಲು. ಆಗಸ್ಟ್ ಇಪ್ಪತ್ತೊಂದು, ಬೆಳಿಗ್ಗೆ ಹತ್ತೂಮುಕ್ಕಾಲು.

ಅಟ್ರಾಕ್ಟಾ

*

ಬಂಡೆ, ಮಂಗಳವಾರ
೨೪ ಆಗಸ್ಟ್ ೧೯೯೯

ಪ್ರಿಯ ಅಟ್ರಾಕ್ಟಾ,

ಕ್ರಿಸ್ಟಿಗೆ ಕಾಯಲು ಹೇಳಿದ್ದೇನೆ. ಗೊಣಗುತ್ತಿದ್ದಾನೆ, ಗೊಣಗಲಿ. ಹಲಗೆಯ ಮೇಲೆಯೇ ನಡೆದು ಹೋಗಿ ಕಾಗದ ತೆಗೆದುಕೊಂಡು ಬಂದೆ.

ಪಾಪ ಅನ್ನುವುದಿಲ್ಲ. ಬೈಯುವುದಿದೆ, ಅದು ಎದುರಿಗೇ. ಶನಿವಾರ ಬಂಡೆ ಮುಚ್ಚುತ್ತಾರೆ, ಸಂಜೆಗೆ ನಿನ್ನ ಬಾಗಿಲಲ್ಲಿರುತ್ತೇನೆ. ನೀಸಾ ಒಳ್ಳೆಯವಳು ಅಂತ ಈಗ ಒಪ್ಪಲೇಬೇಕು. ಒಪ್ಪಲು ಸ್ವಲ್ಪವೂ ಇಷ್ಟವಿಲ್ಲ. ಟೆಲಿಸ್ಕೋಪು ಅವಳಿಗೇ ಇರಲಿ, ಸ್ಟೂಲು ಮಾತ್ರ ಒರೆಸಿಡು.

ನಿನ್ನ ಕಾಗದ ಓದಿ ಬ್ರೀಜ್‌ಳ ಉಂಗುರದ ಪುಸ್ತಕ ತೆಗೆಸಿದೆ. ೪೦೮೦ರಿಂದ ೪೦೮೯, ಹತ್ತು ಮರಿಗಳು, ಜೂನ್ ಇಪ್ಪತ್ನಾಲ್ಕರ ಒಂದೇ ಬೆಳಿಗ್ಗೆ. ಹತ್ತೂ ಎಡಗಾಲು, ಹತ್ತೂ ಹಾರಿವೆ. ಬಂಡೆಯ ಪುಸ್ತಕಕ್ಕೂ ನಿಮ್ಮ ಬಳಗದ ಹಾಗೆ ನಾಲ್ಕು ಅಂಕಿಯ ನಿಯಮವಿದೆಯೇ ಅಂತ ಅವಳನ್ನು ಕೇಳಿದೆ. ಬ್ರೀಜ್ ಇವತ್ತಿನ ವಾಕ್ಯವನ್ನು 'ಬರೆದುಕೋ' ಅಂತ ಒಂದೇ ಪದದಲ್ಲಿ ಮುಗಿಸಿದಳು.

ಬರೆದಿದ್ದೇನೆ. ನಾಲ್ಕು, ಸೊನ್ನೆ, ಎಂಟು, ಆಮೇಲೆ ಒಂದು ಅಡ್ಡಗೆರೆ. ಸ್ಯಾಂಡಿಮೌಂಟ್ ಗೋಡೆ, ಆಗಸ್ಟ್ ಇಪ್ಪತ್ತೊಂದು. ಓದಿದವರು ಅಟ್ರಾಕ್ಟಾ. ಎರಡನೆಯ ಕಣ್ಣಿನ ಜಾಗ ಖಾಲಿ ಬಿಡಲಿಲ್ಲ, ನನ್ನ ಹೆಸರು ಹಾಕಿದೆ. ಆ ಹತ್ತರಲ್ಲಿ ಅದು ಯಾವುದಾದರೂ ಆಗಿರಲಿ, ನಾನು ಅದನ್ನು ನೋಡಿದ್ದೇನೆ. ನನ್ನ ಅಂಗೈಯಲ್ಲಿತ್ತು.

ಯೂನಾ